ಹರಕೆ ಕೋಳಿಯ ಪುಕ್ಕ

"ರೆಕ್ಕೆ ಇನ್ನೂ ರವಷ್ಟು ಬಿಡಿಸಿ ಹಿಡ್ಕೋ ಅಕ್ಕಾ," ಎಂದೆ.

ಅಮ್ಮಾಜಮ್ಮ ಕೋಳಿಯನ್ನು ಮಡಿಲಿಗೆ ಒತ್ತಿಕೊಂಡು ಬಲಗಡೆಯ ರೆಕ್ಕೆ ಬಿಡಿಸಿದಳು. ಕೋಳಿ ಕತ್ತು ಹೊರಳಿಸಿ ನನ್ನ ಹೆಬ್ಬೆರಳಿಗೆ ಸರಿಯಾಗಿ ಕುಕ್ಕಿತು. ನಂದಿದುರ್ಗ ಚಿನ್ನದ ಗಣಿಯ ಗೇಟಿನಲ್ಲಿ ಕಾವಲು ಕೆಲಸಕ್ಕಿದ್ದಾಗ, ಪಾಳಿ ಮುಗಿಸಿ ಮೇಲೆ ಬಂದ ಗಂಡಸರ ಜೇಬು, ಕೂದಲು, ಬೂಟು, ಊಟದ ಕ್ಯಾರಿಯರ್ ಎಲ್ಲವನ್ನೂ ತಡಕಿದವನು ನಾನು. ಬೈದವರಿದ್ದಾರೆ, ಕಣ್ಣು ಕೆಕ್ಕರಿಸಿದವರಿದ್ದಾರೆ. ಕುಕ್ಕಿದವರು ಯಾರೂ ಇರಲಿಲ್ಲ.

"ನೋಡು ಕಾಂತಣ್ಣ, ನೋಡು! ಇವತ್ತು ಮತ್ತೆ ಓಗವೆ. ನೆನ್ನೆ ಮಂಕರಿ ಮುಚ್ಚೋವಾಗ ಇದ್ವು. ಈಗ್ತಾನೆ ನಿನ್ ಜೊತೇಲೇ ನೋಡ್ತಾ ಇದೀನಿ."

ರೆಕ್ಕೆಯ ಉದ್ದ ಗರಿಗಳ ಸಾಲಿನಲ್ಲಿ ಹಲ್ಲು ಉದುರಿದ ಬಾಯಿಯ ಹಾಗೆ ಸಂದುಗಳಾಗಿದ್ದವು. ಬಾಲದಲ್ಲಂತೂ ನೆಟ್ಟಗೆ ನಿಂತದ್ದು ಬೆರಳೆಣಿಕೆಯಷ್ಟು. ಕಿತ್ತ ಜಾಗದ ಚರ್ಮ ಅರಿಶಿನದಿಂದ ಹಳದಿಯಾಗಿತ್ತು. ಗಂಗಮ್ಮನಿಗೆ ಹರಕೆ ಬಿಟ್ಟ ಕೋಳಿ ಅದು. ದಿನವೂ ಅರಿಶಿನದ ಸ್ನಾನ, ಎಡಗಾಲಿಗೆ ಹಳದಿ ದಾರ. ಅಷ್ಟು ಮರ್ಯಾದೆ ನಮ್ಮ ಮನೆಯಲ್ಲಿ ನನಗೂ ಇಲ್ಲ.

ಹೋದ ವಾರ ಪಕ್ಕದ ಮನೆಯ ಹುಂಜನನ್ನು ವಿಚಾರಿಸಿ ನಿರಪರಾಧಿ ಎಂದು ಬಿಟ್ಟಾಗಿತ್ತು. ಹುಂಜ ಮೆಟ್ಟಿದರೆ ಬೆನ್ನಿನ ಪುಕ್ಕ ಹೋಗಬೇಕು. ಈ ಕೋಳಿಯ ಬೆನ್ನು ಮಿರಮಿರ ಮಿಂಚುತ್ತಿತ್ತು.

ಇವತ್ತು ಪುಕ್ಕವನ್ನು ಬುಡದ ತನಕ ಸರಿಸಿ ನೋಡಿದೆ. ಹೇನಿಲ್ಲ, ಉಣ್ಣಿಯಿಲ್ಲ, ಕಜ್ಜಿಯಿಲ್ಲ. ಕಾಲಕ್ಕೆ ಸರಿಯಾಗಿ ಪುಕ್ಕ ಉದುರಿಸುವ ಕೋಳಿಯಾದರೆ ಕತ್ತಿನಿಂದ ಶುರುವಾಗಬೇಕು, ಉದುರಿದಲ್ಲೆಲ್ಲ ಹೊಸ ಗರಿ ಮುಳ್ಳಿನಂತೆ ಮೊಳೆತಿರಬೇಕು. ಕಾವಿಗೆ ಕೂತ ಕೋಳಿಯಾದರೆ ಎದೆಯ ಪುಕ್ಕ ತಾನೇ ಕಿತ್ತುಕೊಳ್ಳುತ್ತದೆ. ಇದರ ಎದೆಯೂ ತುಂಬಿಕೊಂಡಿತ್ತು.

"ಇದು ಕಾಯಿಲೆ ಅಲ್ಲ ಅಕ್ಕಾ. ಯಾರೋ ಕೀಳ್ತಾ ಇದಾರೆ."

"ಅದನ್ನೇ ಅಲ್ವಾ ನಾನು ಬಾಯಿ ಬಡ್ಕೊಳ್ತಾ ಇರೋದು!" ಎಂದು ಅಮ್ಮಾಜಮ್ಮ ಪಕ್ಕದ ಮನೆಯ ಗೋಡೆಯ ಕಡೆ ಕಣ್ಣು ಹಾಯಿಸಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಚೀಲವನ್ನೊಮ್ಮೆ ಮುಟ್ಟಿಕೊಂಡು ಸೆರಗು ಸರಿಮಾಡಿಕೊಂಡಳು.

ಆ ಗೋಡೆಯ ಆಚೆ ಇರುವವಳು ಮುನಿನಾರಾಯಣಮ್ಮ. ಬಂಗಾರಪೇಟೆಯಲ್ಲಿ ನೆಮ್ಮದಿಯಾಗಿ ಕೂತಿದ್ದ ನನ್ನನ್ನು ಉರಿಗಾಂನ ಗಣಿ ಕೆಲಸಗಾರರ ಲೈನಿಗೆ ಕರೆಸಿದ್ದು ಕೋಳಿ ಸಾಕಿದ ಅಮ್ಮಾಜಮ್ಮ ಅಲ್ಲ, ಕೋಳಿಗೆ ಮಾಟ ಮಾಡಿದಳು ಎಂಬ ಮಾತು ಹೊತ್ತ ಇವಳು. ಫೋನಿನಲ್ಲಿ ಅವಳು ಆಡಿದ್ದು ಇಷ್ಟೇ: "ಕಾಂತಣ್ಣ, ನಾನು ಮಾಡಿಲ್ಲ ಅಂತ ಯಾರಾದ್ರೂ ಒಬ್ರು ಏಳ್ಬೇಕು. ಬೇರೆ ಏನೂ ಬೇಡ."

ವಿಷಯ ಹೀಗೆ. ಬೇಸಿಗೆಯಲ್ಲಿ ಅಮ್ಮಾಜಮ್ಮನ ಗಂಡ ಪೆರುಮಾಳಣ್ಣ ಉಸಿರು ಸಿಕ್ಕಿಕೊಂಡು ಆಸ್ಪತ್ರೆ ಸೇರಿದ್ದ. ಎದೆಯಲ್ಲಿ ಗಣಿಯ ಧೂಳು ಕಲ್ಲಾಗಿ ಕೂತಿದೆ. ಮನೆಗೆ ಕರೆದುಕೊಂಡು ಹೋಗಿ ಎಂದರಂತೆ ಡಾಕ್ಟರು. ಅವತ್ತು ಅಮ್ಮಾಜಮ್ಮ ಈ ಕೋಳಿಯ ಕಾಲಿಗೆ ಹಳದಿ ದಾರ ಕಟ್ಟಿ, ಇವರನ್ನು ಉಳಿಸಿದರೆ ಇದು ನಿನ್ನದು ತಾಯಿ ಎಂದು ಗಂಗಮ್ಮನಿಗೆ ಹರಕೆ ಹೊತ್ತಳು. ಪೆರುಮಾಳಣ್ಣ ಎದ್ದು ಕೂತ. ಆದರೆ ಗಂಗಮ್ಮನಿಗೆ ಒಪ್ಪಿಸುವ ಕೋಳಿಗೆ ಊನ ಇರಬಾರದು. ಪುಕ್ಕ ಹೋದ ಕೋಳಿಯನ್ನು ಪೂಜಾರಿ ಮುಟ್ಟುವುದಿಲ್ಲ. ಹೊತ್ತದ್ದು ಇದೇ ಕೋಳಿಯಾದ್ದರಿಂದ ಬೇರೆಯದನ್ನು ಕೊಡುವ ಹಾಗೂ ಇಲ್ಲ.

ಹರಕೆ ತೀರದ ಹಾಗೆ ಮಾಡುತ್ತಿರುವವರು ಯಾರು ಎಂದು ಲೈನಿನವರು ಕೇಳಿದರು. ಅಮ್ಮಾಜಮ್ಮನ ಬಾಯಿಂದ ಮುನಿನಾರಾಯಣಮ್ಮನ ಹೆಸರು ಬಂತು. ಅವಳ ಗಂಡ ಹೋದ, ನನ್ನ ಗಂಡ ಉಳಿದ, ಅದಕ್ಕೆ ಹೊಟ್ಟೆಕಿಚ್ಚು ಎಂಬ ಮಾತು ಜೊತೆಗೆ. ನಾಳೆ ಶುಕ್ರವಾರ, ಗುಡಿಯ ಮುಂದೆ ಅಂಗೈಯಲ್ಲಿ ಕರ್ಪೂರ ಹಚ್ಚಿಕೊಂಡು ಅವಳು ಆಣೆ ಮಾಡಬೇಕು. ಮಾಡಿದ ಮೇಲೆ ಈ ಲೈನಿನಲ್ಲಿ ಒಂದು ದಿನವೂ ಇರುವುದಿಲ್ಲ, ಮಗಳ ಮನೆಗೆ ಹೊರಟುಬಿಡುತ್ತೇನೆ ಎಂದು ಅವಳು ಆಗಲೇ ಪಾತ್ರೆ ಮೂಟೆ ಕಟ್ಟಿಟ್ಟಿದ್ದಾಳೆ.

ನನಗೆ ಇದು ಸಂಕಟದ ಕೇಸು. ಈ ಇಬ್ಬರನ್ನೂ ನಾನು ಹರೆಯದಲ್ಲಿ ಕಂಡವನು. ಪಾಳಿ ಬಿಡುವ ಸೈರನ್ ಕೂಗಿದರೆ ಸಾಕು, ಒಂದೇ ಛತ್ರಿಯಡಿ ಇಬ್ಬರೂ ಗೇಟಿಗೆ ಬಂದು ನಿಲ್ಲುತ್ತಿದ್ದರು. ಅಮ್ಮಾಜಮ್ಮ ತಮಿಳಿನಲ್ಲಿ ಬೈದರೆ ಮುನಿನಾರಾಯಣಮ್ಮ ತೆಲುಗಿನಲ್ಲಿ ತಿರುಗಿಸುತ್ತಿದ್ದಳು. ನಗುವುದು ಮಾತ್ರ ಇಬ್ಬರೂ ಒಂದೇ ಸಲ. ಗಣಿಯೊಳಗೆ ಬಂಡೆ ಸಿಡಿದು ನಮ್ಮ ಕಾಲ ಕೆಳಗಿನ ನೆಲ ನಡುಗಿದ ದಿನವೂ ಆ ಗೇಟಿನಲ್ಲೇ ಕೈ ಕೈ ಹಿಡಿದು ನಿಂತಿದ್ದರು. ಪೆರುಮಾಳಣ್ಣ ಮೇಲೆ ಬಂದ. ಮುನಿನಾರಾಯಣಮ್ಮನ ಗಂಡ ಬರಲಿಲ್ಲ. ಆಮೇಲೆ ವರ್ಷಗಟ್ಟಲೆ ಅವಳ ಮಕ್ಕಳು ಉಂಡದ್ದು ಎರಡೂ ಮನೆಯ ಅನ್ನ. ಹಿತ್ತಿಲ ಗೋಡೆಯಲ್ಲಿ ಒಂದು ಇಟ್ಟಿಗೆ ತೆಗೆದು ಸಾರಿನ ಬಟ್ಟಲು ದಾಟಿಸಲು ಕಿಂಡಿ ಮಾಡಿಕೊಂಡಿದ್ದರು. ಈಗ ಆ ಕಿಂಡಿಗೆ ಯಾರೋ ಹಳೇ ಬಟ್ಟೆ ತುರುಕಿದ್ದಾರೆ.

ಹಿತ್ತಿಲನ್ನೆಲ್ಲ ಜಾಲಾಡಿದೆ. ಸೀಬೆ ಗಿಡದ ಬುಡ, ಬಚ್ಚಲ ಕಾಲುವೆ, ಬೂದಿ ಗುಡ್ಡೆ, ಸೌದೆಯ ಸಂದು. ಒಂದೇ ಒಂದು ಪುಕ್ಕ ಸಿಗಲಿಲ್ಲ. ಹುಂಜ ಕಿತ್ತರೂ ಬೆಕ್ಕು ಕಿತ್ತರೂ ನೆಲದ ಮೇಲೆ ಒಂದಾದರೂ ಬಿದ್ದಿರಬೇಕು. ಇಲ್ಲಿ ಕಿತ್ತವರು ಆರಿಸಿಕೊಂಡು ಹೋಗಿದ್ದಾರೆ.

ಮಾಟದವರು ಹಾಗೆಯೇ ಮಾಡುತ್ತಾರೆ ಎಂದು ಲೈನಿನವರು ಹೇಳಬಹುದು. ಆದರೆ ಗೊತ್ತಿಲ್ಲದ ಕೈ ಮುಟ್ಟಿದರೆ ಕೋಳಿ ಸುಮ್ಮನಿರುತ್ತದೆಯೇ? ಅರಚಿ ಇಡೀ ಲೈನನ್ನೇ ಎಬ್ಬಿಸುತ್ತದೆ. ನನ್ನ ಬೆರಳು ಇನ್ನೂ ಉರಿಯುತ್ತಿತ್ತು.

ಅಮ್ಮಾಜಮ್ಮನ ಸೊಸೆ ಆಶಾರಾಣಿ ತಲೆ ಬಾಚಿಕೊಳ್ಳುತ್ತಾ ಹಿತ್ತಿಲಿಗೆ ಬಂದಳು. ಬಂಗಾರಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ, ಟ್ರೈನಿಗೆ ಹೊರಟಿದ್ದಳು.

"ನಂದೂ ಚೆಕಿಂಗ್ ಮಾಡ್ತೀರಾ ಮಾವ?"

"ಬ್ಯಾಗು ಆಮೇಲೆ ನೋಡ್ತೀನಿ. ಕೋಳಿ ಕಂಡ್ರೆ ನಿಂಗೆ ಆಗಲ್ವಂತೆ?"

"ಆಗಲ್ಲ. ಅಡುಗೆಮನೆ ಎಲ್ಲಾ ಗಲೀಜು ಮಾಡ್ತದೆ. ಅಂಗಂತ ಅದ್ನ ಮುಟ್ಟಕ್ಕೆ ಯಾರು ಬಿಡ್ತಾರೆ? ನಾನು ಎದ್ದು ಗ್ಯಾಸ್ ಅಚ್ಚೋಕ್ ಮುಂಚೆನೇ ಅತ್ತೆ ಬಿಸ್ನೀರು ಕಾಯ್ಸಿ, ಅರಿಶಿನ ಆಕಿ, ಅದ್ಕೆ ಸ್ನಾನ ಮಾಡ್ಸಿ ಮುಗ್ಸಿರ್ತಾರೆ. ಬಾಗಿಲು ಬೇರೆ ಚಿಲಕ ಆಕ್ಕೊಂಡು!" ಎಂದು ನಗುತ್ತಾ ಹೊರಟುಹೋದಳು.

ಬಿಸಿನೀರು ಬಿದ್ದರೆ ಪುಕ್ಕದ ಬುಡ ಸಡಿಲವಾಗುತ್ತದೆ. ಭಾನುವಾರ ಕೋಳಿ ಸಾರು ಮಾಡುವ ಯಾರ ಮನೆಯಲ್ಲಿ ಇದು ಗೊತ್ತಿಲ್ಲ? ನನಗೆ ಬಂದ ಯೋಚನೆ ನನಗೇ ಹಿಡಿಸಲಿಲ್ಲ.

ಮುಂದಿನ ಕೋಣೆಯಲ್ಲಿ ಪೆರುಮಾಳಣ್ಣ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ಒಂದು ಮಾತಿಗೆ ಎರಡು ಸಲ ಕೆಮ್ಮು. ಅಮ್ಮಾಜಮ್ಮ ಕೋಳಿಯನ್ನು ತಂದು ಅವನ ಮಂಚದ ಪಕ್ಕ ಮಂಕರಿಯಡಿ ಮುಚ್ಚಿ, ಟೀ ಮಾಡಲು ಒಳಗೆ ಹೋದಳು.

"ಎನ್ನಪ್ಪಾ, ಏನಯ್ಯಾ ಕಾಂತರಾಜು," ಎಂದು ನಕ್ಕ. "ಗೇಟ್ ಮುಚ್ಚಿ ಎಷ್ಟೋ ವರ್ಷ ಆಯ್ತು. ಇನ್ನೂ ತಡಕೋ ಬುದ್ಧಿ ಓಗಿಲ್ವಾ?"

"ನಿನ್ನ ಕ್ಯಾರಿಯರ್‌ನಲ್ಲಿ ಯಾವತ್ತೂ ಏನೂ ಸಿಗಲಿಲ್ಲ ಅಣ್ಣಾ. ಅದೇ ನನಗೆ ಬೇಜಾರು."

"ಸಿಗ್ತಿತ್ತಲ್ಲಪ್ಪಾ, ಅಮ್ಮಾಜಿ ಮಾಡಿದ ವಡೆ! ಅರ್ಧ ನೀನೇ ತಿಂದುಬುಡ್ತಿದ್ದೆ!" ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಸುಧಾರಿಸಿಕೊಂಡು ದನಿ ತಗ್ಗಿಸಿದ. "ಒಂದು ಕೇಳ್ತೀನಿ. ಈ ಕೋಳೀನ ಆಷಾಢದಾಗೇ ಒಪ್ಪಿಸ್ಬೇಕಿತ್ತು. ಆಗ ಪುಕ್ಕ ಎಲ್ಲಾ ಸರಿಗಿತ್ತು. ಅಮಾಸೆ ಅಂದ್ಲು, ಮೈಲಿಗೆ ಅಂದ್ಲು, ಮಳೆ ಅಂದ್ಲು. ಯಾಕೆ ಮುಂದಕ್ಕಾಕಿದ್ಲು? ನಂಗೆ ಅರ್ಥ ಆಗ್ಲಿಲ್ಲಪ್ಪಾ."

ನನಗೆ ಅರ್ಥವಾಗತೊಡಗಿತ್ತು. ಪೂರ್ತಿ ಅಲ್ಲ.

ಟೀ ಬಂತು. ಕುಡಿದು ಲೋಟ ಇಟ್ಟೆ. ಎಲೆ ಅಡಿಕೆ ಬರಲಿಲ್ಲ. ಈ ಮನೆಯಲ್ಲಿ ಹಾಗೆ ಯಾವತ್ತೂ ಆದದ್ದಿಲ್ಲ. ಟೀಗೆ ಸಕ್ಕರೆ ಇಲ್ಲದಿದ್ದರೂ ಅಮ್ಮಾಜಮ್ಮ ಚೀಲ ಬಿಚ್ಚಿ, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ ಕೊಡದೆ ಯಾರನ್ನೂ ಎಬ್ಬಿಸಿದವಳಲ್ಲ. ಇವತ್ತು ಅವಳ ಬಾಯಿ ಕೂಡ ಕೆಂಪಾಗಿರಲಿಲ್ಲ. ಕೈ ಮಾತ್ರ ಆಗಾಗ ಸೊಂಟದ ಕಡೆ ಹೋಗುತ್ತಿತ್ತು.

ಗೇಟಿನಲ್ಲಿ ನಾನು ಕಲಿತ ವಿದ್ಯೆ ಒಂದೇ. ಏನಾದರೂ ಬಚ್ಚಿಟ್ಟುಕೊಂಡವನು ಅದು ಇದ್ದಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳದೆ ಇರಲಾರ.

"ಅಕ್ಕಾ, ಹಿತ್ತಿಲಿಗೆ ಬಾ. ಒಂದು ಮಾತು," ಎಂದೆ.

ಅವಳು ಬಂದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ನಾನು ಅವಳೆದುರು ಕುಕ್ಕರಗಾಲಿನಲ್ಲಿ ಕೂತೆ.

"ಇವತ್ತು ಹೋದ ಪುಕ್ಕ ನೀನು ನನ್ನ ಜೊತೆಯಲ್ಲೇ ಮೊದಲು ನೋಡಿದ್ದು ಅಂದೆ."

"ಊಂ. ಅಂದೆ."

"ಆ ಜಾಗದಲ್ಲಿ ಅರಿಶಿನ ಮೆತ್ತಿತ್ತು. ಸ್ನಾನದ ನೀರಿನ ಬಣ್ಣ ಅಲ್ಲ, ಅರೆದು ಹಚ್ಚಿದ ಮುದ್ದೆ. ಒಣಗಿ ಹಕ್ಕಳೆ ಕಟ್ಟಿತ್ತು. ಕಿತ್ತದ್ದೇ ಗೊತ್ತಿಲ್ಲದವಳು ಅಲ್ಲಿಗೆ ಮದ್ದು ಯಾವಾಗ ಹಚ್ಚಿದೆ?"

ಅವಳು ನನ್ನನ್ನೇ ನೋಡಿದಳು.

"ಮಾಟ ಮಾಡೋಳು ಕಿತ್ತು ಹೋಗ್ತಾಳೆ. ನೋವಾಗುತ್ತೆ ಅಂತ ಅರಿಶಿನ ಹಚ್ಚಿ ಹೋಗ್ತಾಳಾ?"

"ನೀನೇನ್ ಏಳ್ತಾ ಇದೀಯೋ ನಂಗೆ ತಿಳೀಲಿಲ್ಲ."

"ಎಲೆ ಅಡಿಕೆ ಕೊಡು ಅಕ್ಕಾ."

ಅವಳ ಕೈ ಸೊಂಟಕ್ಕೆ ಹೋಯಿತು. ಅಲ್ಲೇ ನಿಂತಿತು. ಹೆಂಗಸಿನ ಸೊಂಟದ ಚೀಲಕ್ಕೆ ಕೈ ಹಾಕುವವನಲ್ಲ ನಾನು. ಗೋಡೆಯಾಚೆ ಮುನಿನಾರಾಯಣಮ್ಮ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು.

ಕೊನೆಗೆ ಅವಳೇ ಚೀಲದ ದಾರ ಎಳೆದಳು. ಎಲೆ ಇರಬೇಕಾದ ಕಡೆ ಪುಕ್ಕಗಳಿದ್ದವು. ಉದ್ದನೆಯವು, ಕಪ್ಪು ಕೆಂಪು ಬಣ್ಣದವು, ಒಂದರ ಮೇಲೊಂದು ಜೋಡಿಸಿ ಹಳದಿ ದಾರದಿಂದ ಕಟ್ಟಿದ ಕಂತೆ.

"ಅಮ್ಮನ್ ಕೋಳಿ ಪುಕ್ಕ," ಎಂದಳು ಸಣ್ಣ ದನಿಯಲ್ಲಿ. "ತಿಪ್ಪೇಲಿ ಬಿಸಾಕಕ್ಕೆ ಆಯ್ತದಾ?"

ನನಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಸಿಟ್ಟು ಬಂತು.

"ಯಾಕಕ್ಕಾ? ನಿನ್ನ ಗಂಡನಿಗೆ ಹೊತ್ತ ಹರಕೆ ನೀನೇ ಕೆಡಿಸ್ತೀಯಾ?"

"ಕೆಡ್ಸಿಲ್ಲ. ಮುಂದಕ್ಕಾಕ್ದೆ."

"ಎರಡೂ ಒಂದೇ."

"ಒಂದೇ ಅಲ್ಲ ಕಣಣ್ಣ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ಮಣ್ಣಂಗೂ ಇಂಗೇ ಆಗಿತ್ತು. ನಮ್ಮವ್ವ ಅರಕೆ ಒತ್ಕೊಂಡ್ಳು, ಅವ್ನು ಉಸಾರಾದ. ಓಗಿ ಕೋಳಿ ಒಪ್ಪಿಸ್ಬುಟ್ಟು ಮನೆಗ್ ಬಂದ್ವಿ. ಊಟಕ್ಕೆ ಕೂತೋನು ಏಳ್ಲಿಲ್ಲ. ಅರಕೆ ಬಾಕಿ ಇರೋವರ್ಗೂ ಗಂಗಮ್ಮ ಕಾಯ್ತಾಳೆ. ತನಗೆ ಬರ್ಬೇಕಾದ್ದು ಇರೋ ಮನೇನ ಅವಳು ಕೆಡ್ಸಲ್ಲ. ಕೊಟ್ಬುಟ್ರೆ ಲೆಕ್ಕ ಮುಗೀತು. ಆಮೇಲೆ ಇವ್ರನ್ನ ಅವಳು ಯಾಕೆ ಉಳಿಸ್ಕೋಬೇಕು, ಏಳು?"

ದೇವರ ಹತ್ತಿರ ಹೀಗೆ ವಾಯಿದೆ ತೆಗೆದುಕೊಂಡವರನ್ನು ನಾನು ಕಂಡಿರಲಿಲ್ಲ. ಪಾಳಿ ಮುಗಿದರೂ ಗಂಡ ಮೇಲೆ ಬರುತ್ತಾನೋ ಇಲ್ಲವೋ ಎಂದು ಅರ್ಧ ಆಯುಷ್ಯ ಗೇಟಿನಲ್ಲಿ ನಿಂತವಳಿಗೆ ಇಂಥ ಲೆಕ್ಕ ಹೊಳೆದದ್ದರಲ್ಲಿ ಏನೂ ಆಶ್ಚರ್ಯವಿಲ್ಲ. ಅವಳ ಮೇಲೆ ಮರುಕ ಉಕ್ಕಿ ಬಂತು. ಗೋಡೆಯಾಚೆಯ ಪಾತ್ರೆಯ ಸದ್ದು ಕೇಳಿದಾಗ ಮತ್ತೆ ಸಿಟ್ಟು ಬಂತು.

"ಸರಿ. ಅವಳ ಹೆಸರು ಯಾಕೆ ಹೇಳಿದೆ?"

ಅಮ್ಮಾಜಮ್ಮ ಬೆರಳಿಗೆ ಸುತ್ತಿದ ಸೆರಗು ಬಿಚ್ಚಿಕೊಂಡಳು.

"ಪೂಜಾರಿ ಕೇಳ್ದ. ಲೈನಿನೋರೆಲ್ಲಾ ಸುತ್ತ ನಿಂತವ್ರೆ, ಯಾರು, ಯಾರು ಅಂತ. ನಂಗೆ ಎದೆ ಒಡ್ಕೊಂಡ್ತು. ಬಾಯಿಗೆ ಬಂದಿದ್ದು ಅವಳ ಎಸ್ರು. ದಿನಾ ಬೆಳಗಾದ್ರೆ ನನ್ ಬಾಯಲ್ಲಿ ಬರೋ ಎಸ್ರು ಅದೊಂದೇ ಅಲ್ವಾ ಕಾಂತಣ್ಣ?"

ಹೇಳಿ ಅತ್ತಳು. ಸದ್ದಾಗದ ಹಾಗೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

"ನಾಳೆ ಅವಳು ಕರ್ಪೂರ ಹಚ್ಚಿಕೊಂಡು ನಿಲ್ತಾಳೆ," ಎಂದೆ.

"ನಿಂತ್ಕೊಳ್ಲಿ. ಅವಳು ತಪ್ಪು ಮಾಡಿಲ್ಲ ಅಂತ ಅಮ್ಮಂಗೆ ಗೊತ್ತು. ಕೈ ಸುಡಲ್ಲ."

"ಕರ್ಪೂರ ಯಾರ ಕೈಯಾದರೂ ಸುಡುತ್ತೆ ಅಕ್ಕಾ. ಸುಟ್ಟ ಮೇಲೆ ಅವಳೇ ಮಾಟಗಾತಿ ಅಂತ ಜನ ತೀರ್ಮಾನ ಮಾಡ್ತಾರೆ. ಮೂಟೆ ಕಟ್ಟಿಟ್ಟಿದಾಳೆ, ಗೊತ್ತಾ?"

ಅದು ಅವಳಿಗೆ ಗೊತ್ತಿರಲಿಲ್ಲ. ಅಳು ಅರ್ಧಕ್ಕೇ ನಿಂತಿತು.

"ಎಲ್ಲಿಗೆ?"

"ಮಗಳ ಮನೆಗೆ. ಮತ್ತೆ ಬರಲ್ಲವಂತೆ."

ಅವಳು ಕಂತೆಯನ್ನು ಎದೆಗೆ ಒತ್ತಿಕೊಂಡಳು. "ನಾನು ಒಪ್ಕೊಂಡ್ರೆ ಅವ್ಳು ಉಳೀತಾಳೆ. ಆದ್ರೆ ಇವ್ರಿಗೆ ಗೊತ್ತಾಯ್ತದೆ. ಗೊತ್ತಾದ್ರೆ ಒಂದು ದಿನ ಬಾ‍ಕಿ ಇಟ್ಕೊಳ್ಳೋ ಮನುಷ್ಯ ಅಲ್ಲ. ಏನ್ ಮಾಡ್ಲಿ? ಇವ್ರಾ, ಅವ್ಳಾ? ನೀನೇ ಏಳು, ನಾನು ಯಾರನ್ನ ಬಿಡ್ಲಿ?"

ನಾನು ಪೂಜಾರಿಯ ಹತ್ತಿರ ಒಬ್ಬನೇ ಹೋಗಿ ಮಾತಾಡುತ್ತೇನೆ, ಆಣೆ ನಿಲ್ಲಿಸೋಣ, ಪುಕ್ಕ ತಾನಾಗಿ ಉದುರಿದ್ದು ಎಂದರೂ ಆದೀತು ಎಂದು ಏನೇನೋ ಹೇಳತೊಡಗಿದೆ. ಅವಳು ಕೇಳುತ್ತಿರಲಿಲ್ಲ. ಮುಖ ಎತ್ತಿ ಮನೆಯ ಕಡೆ ಕಿವಿಗೊಟ್ಟಿದ್ದಳು.

"ಕೆಮ್ಮು," ಎಂದಳು.

"ಏನು?"

"ಇವ್ರ ಕೆಮ್ಮು ಕೇಳ್ತಾ ಇಲ್ಲ."

ಓಡಿದಳು. ನಾನೂ ಹಿಂದೆ ಓಡಿದೆ. ಮುಂದಿನ ಕೋಣೆಯಲ್ಲಿ ಮಂಚ ಖಾಲಿ. ಹೊದಿಕೆ ನೆಲಕ್ಕೆ ಜಾರಿತ್ತು. ಮಂಕರಿ ಮಗುಚಿ ಬಿದ್ದಿತ್ತು, ಕೋಳಿಯಿಲ್ಲ. ಅಡುಗೆಮನೆಯ ಕಿಟಕಿ ಹಿತ್ತಿಲಿಗೆ ತೆರೆದೇ ಇತ್ತು. ಅದರ ಕೆಳಗೆ, ಒಬ್ಬ ಮನುಷ್ಯ ಗೋಡೆ ಹಿಡಿದುಕೊಂಡು ಬಂದು ನಿಂತು ಕೇಳಿಸಿಕೊಳ್ಳುವಷ್ಟು ಜಾಗವಿತ್ತು.

ಬೀದಿಯ ಬಾಗಿಲಲ್ಲಿ ಮುನಿನಾರಾಯಣಮ್ಮ ನಿಂತಿದ್ದಳು. ಹೊಸ್ತಿಲ ಆಚೆಯೇ. ಕೈಯಲ್ಲಿ ಪಾತ್ರೆ ತಿಕ್ಕಿದ ಬೂದಿ ಇನ್ನೂ ಇತ್ತು.

"ನಿನ್ ಮನೆಗ್ ಬರಲ್ಲ ಅಂದಿದ್ದೆ," ಎಂದಳು ಅಮ್ಮಾಜಮ್ಮನ ಮುಖ ನೋಡದೆ. "ಆದ್ರೆ ಪೆರುಮಾಳಣ್ಣ ಕೋಳೀನ ಕಂಕುಳಲ್ಲಿ ಇಟ್ಕೊಂಡು ಗಣಿ ಮಣ್ಣು ಸುರಿದಿರೋ ಸೈನೈಡ್ ದಿಬ್ಬದ ಕಡೆ ಓಗ್ತಾ ಅವ್ನೆ. ದಿಬ್ಬದಾಚೆ ಗಂಗಮ್ಮನ ಗುಡಿಗೇ ಅನ್ಸತ್ತೆ. ಗೋಡೆ ಇಡ್ಕೊಂಡು, ನಿಂತು ನಿಂತು ಓಗ್ತಾ ಅವ್ನೆ. ಕೈ ಕೊಡಕ್ಕೋದೆ, ಬೇಡ ಅಂದ."

"ಏನಾದ್ರೂ ಏಳಿದ್ರಾ?" ಎಂದಳು ಅಮ್ಮಾಜಮ್ಮ.

"ಅಮ್ಮಾಜಿಗೆ ಏಳು ಅಂದ. ಬಾಕಿ ಇಟ್ಕೊಂಡು ಉಸಿರಾಡಿದ್ದು ಸಾಕು, ನಾನೇ ಓಗಿ ತೀರಿಸ್ಬುಟ್ಟು ಬತ್ತೀನಿ ಅಂತ."

ಅಮ್ಮಾಜಮ್ಮ ಹೊಸ್ತಿಲು ದಾಟಿ ಮುನಿನಾರಾಯಣಮ್ಮನ ಕೈ ಹಿಡಿದುಕೊಂಡಳು. "ಬಾರೇ, ಬಾ, ದಿಬ್ಬ ಅತ್ತಕ್ಕೆ ಅವ್ರ ಕೈಲಿ ಆಗಲ್ಲ ಕಣೇ, ಬಾ," ಎಂದು ಎಳೆದಳು.

ಮುನಿನಾರಾಯಣಮ್ಮ ಒಂದು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಅವಳ ಕಣ್ಣು ಅಮ್ಮಾಜಮ್ಮನ ಇನ್ನೊಂದು ಕೈಯ ಮೇಲಿತ್ತು. ಆ ಕೈಯಲ್ಲಿ ಹಳದಿ ದಾರ ಕಟ್ಟಿದ ಪುಕ್ಕದ ಕಂತೆ ಹಾಗೇ ಉಳಿದಿತ್ತು. ಅಮ್ಮಾಜಮ್ಮ ಎಳೆಯುತ್ತಲೇ ಇದ್ದಳು, ಇವಳು ಕದಲಲಿಲ್ಲ.

"ಯಾವ ಬಾಕಿ ಕಾಂತಣ್ಣ?" ಎಂದು ನನ್ನ ಕಡೆ ತಿರುಗಿದಳು. "ಆ ಪುಕ್ಕ ಇವಳ ಕೈಗೆ ಎಂಗ್ ಬಂತು? ನೀನು ಏಳೋವರ್ಗೂ ನಾನು ಇಲ್ಲಿಂದ ಅಳ್ಳಾಡಲ್ಲ."